ಒಂದು ಬೈಗುಳದ ವಂಶಾವಳಿ: ‘ಆಂಟಿ ನ್ಯಾಷನಲ್’ ಎಂಬ ಪದದ ಹಿಂದೆ

‘ಆಂಟಿ ನ್ಯಾಷನಲ್’ ಎಂಬುದು ಈಗ ಕನ್ನಡದ್ದೇ ಪದವಾಗಿಬಿಟ್ಟಿದೆ. ಇಂಗ್ಲಿಷಿನ ಒಂದು ವಾಕ್ಯವನ್ನೂ ಓದಲಾರದವರ ನಾಲಿಗೆಯ ಮೇಲೂ ಅದು ಸಲೀಸಾಗಿ ಹೊರಳುತ್ತದೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಾಗಲಿ, ಹೊನ್ನಾಳಿಯ ಬಸ್ ನಿಲ್ದಾಣದಲ್ಲಾಗಲಿ, ನ್ಯಾಮತಿಯ ಸಂತೆಯಲ್ಲಾಗಲಿ, ಜಗಳೂರಿನ ಚಹಾದಂಗಡಿಯಲ್ಲಾಗಲಿ ಅದಕ್ಕೆ ಅರ್ಥ ಹೇಳಿಕೊಡುವ ಅಗತ್ಯವಿಲ್ಲ. ಅರ್ಥ ತಿಳಿದಿದೆ ಎಂದೇ ಎಲ್ಲರ ನಂಬಿಕೆ. ಆದರೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಯಾವುದು ಸರ್?” ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಪತ್ರಿಕೆಗಳು ಅದನ್ನು ಒಮ್ಮೆ ‘ರಾಷ್ಟ್ರವಿರೋಧಿ’ ಎನ್ನುತ್ತವೆ, ಒಮ್ಮೆ ‘ದೇಶದ್ರೋಹಿ’ ಎನ್ನುತ್ತವೆ, ಅದೇ ಸುದ್ದಿಯ ಕೆಳಗಿನ ಪ್ಯಾರಾದಲ್ಲಿ ‘ರಾಜದ್ರೋಹ’ದ ಪ್ರಕರಣ ಎಂದು ಬರೆಯುತ್ತವೆ. ಮೂರೂ ಒಂದೇ ಎಂಬಂತೆ.

ಮೂರೂ ಒಂದೇ ಅಲ್ಲ. ನೂರು ವರ್ಷಗಳ ಹಿಂದೆ ಇವುಗಳಲ್ಲಿ ಎರಡು ಪದಗಳು ಒಂದಕ್ಕೊಂದು ನೇರ ವಿರುದ್ಧವಾಗಿದ್ದವು. ಅವು ಒಂದಾದ ಬಗೆಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

‘ಆಂಟಿ’ ಗ್ರೀಕ್ ಮೂಲದ್ದು. ಎದುರು, ವಿರುದ್ಧ ಎಂದರ್ಥ. ‘ನೇಷನ್’ ಬಂದದ್ದು ಲ್ಯಾಟಿನ್ ಭಾಷೆಯ ‘ನಾಶಿಯೋ’ ಎಂಬ ಪದದಿಂದ. ಅದರ ಮೂಲಧಾತುವಿನ ಅರ್ಥ ಹುಟ್ಟುವುದು. ರೋಮನ್ನರು ತಮ್ಮನ್ನು ತಾವು ಈ ಪದದಿಂದ ಕರೆದುಕೊಳ್ಳುತ್ತಿರಲಿಲ್ಲವೆಂಬುದು ಇಲ್ಲಿನ ಸೋಜಿಗ. ದೂರದೇಶಗಳಿಂದ ಬಂದು ರೋಮಿನಲ್ಲಿ ನೆಲೆಸಿದ ಪರಕೀಯರ ಗುಂಪುಗಳಿಗೆ, ಕೊಂಚ ತಾತ್ಸಾರದಿಂದಲೇ, ಅವರು ‘ನಾಶಿಯೋ’ ಎನ್ನುತ್ತಿದ್ದರು. ಮಧ್ಯಯುಗದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಸೀಮೆಗಳಿಂದ ಬಂದ ವಿದ್ಯಾರ್ಥಿಗಳ ನಾಲ್ಕು ಬಣಗಳಿದ್ದವು. ಅವುಗಳಿಗೂ ‘ನೇಷನ್’ ಎಂದೇ ಹೆಸರು. ಇಂದು ಹೊರಗಿನವನನ್ನು ಗುರುತಿಸಿ ದೂರವಿಡಲು ಬಳಸುವ ಪದವು ಹುಟ್ಟಿದ್ದು ಹೊರಗಿನವರ ಹೆಸರಾಗಿ!

1789ರ ಫ್ರೆಂಚ್ ಕ್ರಾಂತಿಯ ಹಕ್ಕುಗಳ ಘೋಷಣೆಯು ಸಾರ್ವಭೌಮತ್ವವು ಅರಸನಲ್ಲಿ ಅಲ್ಲ, ನೇಷನ್ನಿನಲ್ಲಿ ನೆಲೆಸಿದೆ ಎಂದು ಸಾರಿದ ಮೇಲೆ ಪದಕ್ಕೆ ರಾಜಕೀಯ ಪ್ರಾಣ ಬಂತು. ‘ನ್ಯಾಷನಲಿಸಂ’ ಎಂಬ ರೂಪ ಯುರೋಪಿನ ಭಾಷೆಗಳಲ್ಲಿ ಕಾಣಿಸಿಕೊಂಡದ್ದು ಆ ಶತಮಾನದ ಕೊನೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಾಜಕೀಯ ಬರವಣಿಗೆಯಲ್ಲಿ ‘ಆಂಟಿ’ಯು ‘ನ್ಯಾಷನಲ್’ ಜೊತೆ ಸೇರಿತು. ಹೀಗೆ ಸೇರಿದ ಪದಕ್ಕೆ ಎರಡು ಅರ್ಥಗಳು ಸಾಧ್ಯ. ಒಂದು: ರಾಷ್ಟ್ರೀಯತೆ ಎಂಬ ಸಿದ್ಧಾಂತವನ್ನೇ ಒಪ್ಪದವನು, ಅಂದರೆ ಮನುಷ್ಯರನ್ನು ರಾಷ್ಟ್ರಗಳಾಗಿ ವಿಂಗಡಿಸಿ ಅದಕ್ಕೆ ಎಲ್ಲಕ್ಕಿಂತ ಮೇಲಿನ ನಿಷ್ಠೆಯನ್ನು ಬೇಡುವುದು ತಪ್ಪು ಎನ್ನುವವನು. ಇದೊಂದು ವಿಚಾರ, ಒಪ್ಪಬಹುದು, ಬಿಡಬಹುದು. ಎರಡು: ತನ್ನ ರಾಷ್ಟ್ರಕ್ಕೆ ಕೇಡು ಬಗೆಯುವವನು. ಇದೊಂದು ಆರೋಪ, ಸಾಬೀತುಪಡಿಸಬೇಕಾದದ್ದು. ವಿಚಾರಕ್ಕೆ ಉತ್ತರ ವಾದ, ಆರೋಪಕ್ಕೆ ಉತ್ತರ ಸಾಕ್ಷಿ. ಎರಡನ್ನೂ ಒಂದೇ ಪದದಲ್ಲಿ ತುಂಬಿದಾಗ ವಾದವೂ ಬೇಕಿಲ್ಲ, ಸಾಕ್ಷಿಯೂ ಬೇಕಿಲ್ಲ ಎಂಬಂತಾಯಿತು.

ಕನ್ನಡಕ್ಕೆ ಬರುವಾಗ ಇನ್ನೊಂದು ಭಾರ ಸೇರಿಕೊಂಡಿತು. ‘ವಿರೋಧ’ ಬೇರೆ, ‘ದ್ರೋಹ’ ಬೇರೆ. ವಿರೋಧಿ ಎದುರಿಗೆ ನಿಲ್ಲುತ್ತಾನೆ. ದ್ರೋಹಿ ಬಗಲಲ್ಲಿದ್ದು ಇರಿಯುತ್ತಾನೆ. ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ ಎಂಬ ನಮ್ಮ ಹಳೆಯ ಪದಗಳೆಲ್ಲ ನಂಬಿಕೆಯ ಒಂದು ಸಂಬಂಧವನ್ನು ಮೊದಲೇ ಕಲ್ಪಿಸಿಕೊಂಡಿವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ದ್ರೋಹಿಗಳನ್ನು ಅರೆಯುವ ಬೀಸುವ ಕಲ್ಲು ಎಂದರ್ಥ. ಆದರೆ ಆ ದ್ರೋಹವು ಅರಸನೆಂಬ ವ್ಯಕ್ತಿಗೆ ಬಗೆದದ್ದು, ಒಂದು ಭೂಪಟಕ್ಕಲ್ಲ. ಬನವಾಸಿ ಪನ್ನಿರ್ಚ್ಛಾಸಿರ, ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದು ನಾಡುಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ಒಂದು ನಾಡು ಇಂದು ಚಾಲುಕ್ಯರದು, ನಾಳೆ ಕಳಚುರ್ಯರದು. ರೈತ ಅಲ್ಲಿಯೇ ಉಳುತ್ತಿದ್ದ. ಅರಸು ಬದಲಾದುದಕ್ಕಾಗಿ ಅವನನ್ನು ಯಾರೂ ದ್ರೋಹಿ ಎನ್ನಲಿಲ್ಲ.

ನಮ್ಮ ಸೀಮೆಯವನೇ ಆದ ಒಬ್ಬ ವ್ಯಕ್ತಿಯ ಕಥೆಯಲ್ಲಿ ಈ ಮಾತು ಸ್ಪಷ್ಟವಾಗುತ್ತದೆ. ಧೋಂಡಿಯಾ ವಾಘ್ ಹುಟ್ಟಿದ್ದು ಚನ್ನಗಿರಿಯಲ್ಲಿ, ಒಂದು ಮರಾಠಾ ಮನೆತನದಲ್ಲಿ. ಕೆಳದಿಯ ರಾಣಿ ಚನ್ನಮ್ಮಾಜಿಯಿಂದ ಹೆಸರು ಪಡೆಯಿತೆಂದು ಹೇಳಲಾಗುವ ಊರು ಅದು. ಶಿವಾಜಿಯ ಮಗ ರಾಜಾರಾಮನಿಗೆ ಔರಂಗಜೇಬನ ಸೇನೆಯೆದುರು ಆಶ್ರಯ ಕೊಟ್ಟ ರಾಣಿಯ ಹೆಸರಿನ ಊರಿನಲ್ಲಿ ಹುಟ್ಟಿದ ಈ ಮರಾಠಾ ಯುವಕ ಹೈದರಲಿಯ ಅಶ್ವದಳ ಸೇರಿದ. ಟಿಪ್ಪುವಿನ ಕಾಲದಲ್ಲಿ, 1792ರ ಯುದ್ಧದ ಗೊಂದಲದಲ್ಲಿ ಮೈಸೂರನ್ನು ಬಿಟ್ಟು ಧಾರವಾಡದ ಕಡೆ ಸ್ವಂತ ಪಡೆ ಕಟ್ಟಿ ಕೊಳ್ಳೆ ಹೊಡೆಯತೊಡಗಿದ. ಮರಾಠರ ಸೇನೆ ಬೆನ್ನಟ್ಟಿದಾಗ ಮತ್ತೆ ಟಿಪ್ಪುವಿನ ಬಳಿಗೆ ಬಂದ. ಶ್ರೀರಂಗಪಟ್ಟಣದಲ್ಲಿ ಮುಸಲ್ಮಾನನಾದ, ಅಲ್ಲಿಯೇ ಸೆರೆಮನೆಯನ್ನೂ ಕಂಡ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಹುತಾತ್ಮನಾದಾಗ ಸೆರೆಯಿಂದ ಹೊರಬಂದು, ಚದುರಿಹೋಗಿದ್ದ ಸುಲ್ತಾನನ ಸೈನಿಕರನ್ನು ಕೂಡಿಸಿ, ನೇರವಾಗಿ ಬಂದದ್ದು ತನ್ನ ತವರಿನ ಸೀಮೆಗೆ. ಶಿವಮೊಗ್ಗ, ಹೊನ್ನಾಳಿ, ಚನ್ನಗಿರಿ, ಶಿಕಾರಿಪುರಗಳ ಕೋಟೆಗಳು ಕೆಲವು ವಾರ ಅವನ ಕೈಯಲ್ಲಿದ್ದವು. ಕಂಪನಿಯ ಸೇನೆ ಅವನನ್ನು ತುಂಗಭದ್ರೆಯಾಚೆ ಅಟ್ಟಿತು. ಮರುವರ್ಷ ‘ಉಭಯಲೋಕಾಧೀಶ್ವರ’ ಎಂದು ತನ್ನನ್ನು ಕರೆದುಕೊಂಡು, ಸಾವಿರಾರು ಕುದುರೆಗಳೊಡನೆ ತಿರುಗಿ ಬಂದ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ಆರ್ಥರ್ ವೆಲ್ಲೆಸ್ಲಿ ಸ್ವತಃ ಅವನ ಬೆನ್ನು ಹತ್ತಿ, 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಕೊಂದನು. ರಣಭೂಮಿಯಲ್ಲಿ ಸಿಕ್ಕ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನನನ್ನು ಅದೇ ವೆಲ್ಲೆಸ್ಲಿ ಪೋಷಿಸಿದ.

ಇಂಗ್ಲಿಷರ ಕಾಗದಪತ್ರಗಳಲ್ಲಿ ಧೋಂಡಿಯಾ ಒಬ್ಬ ದರೋಡೆಕೋರ, ಲೂಟಿಗಾರ. ಅವನನ್ನು ‘ದೇಶದ್ರೋಹಿ’ ಎನ್ನಲು ಅವರಿಗೂ ದೇಶವೊಂದು ಸಿಗಲಿಲ್ಲ. ಹುಟ್ಟಿದ್ದು ಮರಾಠನಾಗಿ, ಕಾದಾಡಿದ್ದು ಮರಾಠರ ಮೇಲೂ. ಸೇವೆ ಮೈಸೂರಿನದು, ಸೆರೆಮನೆಯೂ ಮೈಸೂರಿನದೇ. ಯಾವ ರಾಷ್ಟ್ರಕ್ಕೆ ಅವನು ನಿಷ್ಠ, ಯಾವುದಕ್ಕೆ ವಿರೋಧಿ? ಇತ್ತೀಚೆಗೆ ಅವನನ್ನು ಸ್ವಾತಂತ್ರ್ಯ ಹೋರಾಟದ ಆದಿಪುರುಷನೆಂದು ಹೊಗಳುವವರೂ ಇದ್ದಾರೆ. ನನಗೆ ಅದೂ ಒಪ್ಪಿಗೆಯಾಗದು. ಅವನ ಕುದುರೆಗಳು ತುಳಿದ ಹೊಲಗಳು ನಮ್ಮ ಪೂರ್ವಿಕರವೇ. ರಾಷ್ಟ್ರವೇ ಇನ್ನೂ ಹುಟ್ಟಿರದ ಕಾಲದ ಮನುಷ್ಯನಿಗೆ ರಾಷ್ಟ್ರಭಕ್ತನೆಂಬ ಕಿರೀಟವೂ ಅಳತೆಗೆ ಕೂರದು, ರಾಷ್ಟ್ರದ್ರೋಹಿಯೆಂಬ ಹಣೆಪಟ್ಟಿಯೂ ಅಂಟದು.

ಆ ದಂಡಯಾತ್ರೆಯಲ್ಲಿ ವೆಲ್ಲೆಸ್ಲಿಯ ಸೇನೆಗೆ ಅಕ್ಕಿಕಾಳು ಹೊತ್ತು ತಂದವು ಬಂಜಾರರ ಎತ್ತುಗಳು ಎಂಬುದನ್ನೂ ಇಲ್ಲಿ ನೆನೆಯಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರು ಪೂಜಿಸುವ ಸಂತ ಸೇವಾಲಾಲರ ಜನ್ಮಸ್ಥಳ; ಪ್ರತಿ ವರ್ಷ ಫೆಬ್ರವರಿಯಲ್ಲಿ ದೂರದ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಮೊಘಲರಿಗೂ, ಮೈಸೂರಿಗೂ, ಮರಾಠರಿಗೂ, ಕಂಪನಿಗೂ ಉಪ್ಪು ಧಾನ್ಯಗಳನ್ನು ಸಾಗಿಸಿದ ಈ ಜನರಿಗೆ ಗಡಿಯೆಂಬುದು ಸುಂಕದ ಕಟ್ಟೆ ಮಾತ್ರ. ಬ್ರಿಟಿಷ್ ಆಡಳಿತ ಗಟ್ಟಿಯಾದ ಮೇಲೆ ಹೀಗೆ ಅಲೆದು ಬದುಕುವವರ ಮೇಲೆ ಅನುಮಾನ ಹೆಚ್ಚಿತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಿಸಿತು; ಕೆಲವು ಪ್ರಾಂತ್ಯಗಳಲ್ಲಿ ಬಂಜಾರರೂ ಆ ಪಟ್ಟಿಗೆ ಸೇರಿದರು. ಸ್ವತಂತ್ರ ಭಾರತ ಅದನ್ನು ರದ್ದುಮಾಡಿದ್ದು 1952ರಲ್ಲಿ. ‘ನಾಶಿಯೋ’ದ ಮೂಲಾರ್ಥ ಹುಟ್ಟು ಎಂದೆನಲ್ಲವೆ? ಹುಟ್ಟನ್ನೇ ಆರೋಪಪಟ್ಟಿಯಾಗಿಸುವ ವಿದ್ಯೆಯನ್ನು ನಮಗೆ ಕಲಿಸಿಕೊಟ್ಟವರು ಇವರು.

ಅದಕ್ಕೆ ಒಂದು ವರ್ಷ ಮೊದಲು, 1870ರಲ್ಲಿ, ದಂಡಸಂಹಿತೆಗೆ 124ಎ ಕಲಮು ಸೇರಿತು. ಸರ್ಕಾರದ ಬಗ್ಗೆ ಅಪ್ರೀತಿ ಹುಟ್ಟಿಸುವುದು ಅಪರಾಧ ಎಂದಿತು ಆ ಕಲಮು. ಕನ್ನಡದಲ್ಲಿ ಅದಕ್ಕೆ ‘ರಾಜದ್ರೋಹ’ ಎಂದು ಹೆಸರಾಯಿತು. ತಿಲಕರು 1897ರಲ್ಲೂ 1908ರಲ್ಲೂ ಅದರಡಿ ಶಿಕ್ಷೆಗೊಳಗಾದರು. 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ತಪ್ಪೊಪ್ಪಿಕೊಂಡರು. ಇಂಥ ಸರ್ಕಾರದ ಮೇಲೆ ಅಪ್ರೀತಿಯಿಂದಿರುವುದು ಪುಣ್ಯಕಾರ್ಯ ಎಂಬ ಭಾವದ ಮಾತಾಡಿ ಆರು ವರ್ಷಗಳ ಸಜೆ ಪಡೆದರು. ಆ ಕಾಲದ ಭಾರತೀಯನಿಗೆ ‘ರಾಜದ್ರೋಹಿ’ ಎಂಬುದು ಗೌರವದ ಪದಕ.

ಹಾಗಾದರೆ ಆಗ ‘ಆಂಟಿ ನ್ಯಾಷನಲ್’ ಯಾರು? ಬ್ರಿಟಿಷರ ಪರ ನಿಂತವರು. ಬಿರುದಿಗಾಗಿ ಆಳುವವರ ಮುಂದೆ ಬಾಗಿದವರನ್ನು, ಜನರನ್ನು ಧರ್ಮದ ಹೆಸರಿನಲ್ಲಿ ಒಡೆದ ಸಂಘಟನೆಗಳನ್ನು ರಾಷ್ಟ್ರೀಯವಾದಿಗಳು ಆ ಪದದಿಂದ ಟೀಕಿಸುತ್ತಿದ್ದರು. ಅಂದರೆ 1922ರಲ್ಲಿ ರಾಜದ್ರೋಹಿಯಾದವನು ರಾಷ್ಟ್ರಪ್ರೇಮಿ, ರಾಜನಿಷ್ಠನಾದವನು ರಾಷ್ಟ್ರವಿರೋಧಿ. ಒಂದೇ ಮನುಷ್ಯ ಎರಡೂ ಆಗಲು ಸಾಧ್ಯವೇ ಇರಲಿಲ್ಲ.

ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರು ಇದಕ್ಕೆ ರಕ್ತಸಾಕ್ಷಿ. 1942ರಲ್ಲಿ ಆ ಹಳ್ಳಿಯ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಅಧಿಕಾರಿಗಳು ಬಂದಾಗ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಪ್ರಾಣ ಕಳೆದುಕೊಂಡರು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು. ಸರ್ಕಾರದ ಕಡತದಲ್ಲಿ ಅವರು ಕೊಲೆಗಡುಕರು. ಐದು ವರ್ಷ ಕಳೆಯುವುದರೊಳಗೆ ಅದೇ ಹೆಸರುಗಳು ಹುತಾತ್ಮರ ಸಾಲಿನಲ್ಲಿದ್ದವು.

ಇದೇ ವರ್ಷಗಳಲ್ಲಿ ನಮ್ಮ ಉಲಮಾಗಳ ನಡುವೆ ‘ರಾಷ್ಟ್ರ’ ಎಂಬ ಪದದ ಬಗ್ಗೆಯೇ ಒಂದು ದೊಡ್ಡ ವಾಗ್ವಾದ ನಡೆಯಿತು. ಕನ್ನಡದ ಓದುಗರಿಗೆ ಅದು ಅಷ್ಟಾಗಿ ಪರಿಚಯವಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುವೆ.

ಮೌಲಾನಾ ಹುಸೈನ್ ಅಹ್ಮದ್ ಮದನಿ ದೇವ್‌ಬಂದ್‌ನ ದಾರುಲ್ ಉಲೂಮಿನ ಹದೀಸ್ ಗುರುಗಳು. ತಮ್ಮ ಗುರು ಶೈಖುಲ್ ಹಿಂದ್ ಮಹಮೂದ್ ಹಸನ್ ಅವರೊಡನೆ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷರ ಸೆರೆಯಲ್ಲಿದ್ದವರು. ಇಬ್ಬರಿಗೂ ಬಿಡುಗಡೆಯಾದದ್ದು 1920ರಲ್ಲಿ. ಮರುವರ್ಷವೇ, ಬ್ರಿಟಿಷ್ ಸೇನೆಯಲ್ಲಿ ಸೇವೆ ಸಲ್ಲಿಸುವುದು ಹರಾಮ್ ಎಂಬ ನಿರ್ಣಯಕ್ಕಾಗಿ ಕರಾಚಿಯಲ್ಲಿ ವಿಚಾರಣೆಗೆ ಒಳಗಾದರು. ಆ ಕಟಕಟೆಯಲ್ಲಿ ಮೌಲಾನಾ ಮುಹಮ್ಮದ್ ಅಲಿ, ಶೌಕತ್ ಅಲಿ ಸಹೋದರರ ಜೊತೆಗೆ ಶಂಕರಾಚಾರ್ಯ ಪೀಠದ ಭಾರತೀ ಕೃಷ್ಣ ತೀರ್ಥರೂ ಆರೋಪಿಯಾಗಿ ನಿಂತಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಶಂಕರಾಚಾರ್ಯರು ಬಿಡುಗಡೆಯಾದರು, ಮದನಿಯವರಿಗೆ ಎರಡು ವರ್ಷಗಳ ಶಿಕ್ಷೆಯಾಯಿತು.

1938ರ ಜನವರಿಯಲ್ಲಿ ದೆಹಲಿಯ ಸಭೆಯೊಂದರಲ್ಲಿ ಮದನಿಯವರು, ಈ ಕಾಲದಲ್ಲಿ ಕೌಮುಗಳು ರೂಪುಗೊಳ್ಳುವುದು ವತನ್‌ಗಳಿಂದ, ಅಂದರೆ ನಾಡುಗಳಿಂದ, ಎಂಬರ್ಥದ ಮಾತನಾಡಿದರು. ಪತ್ರಿಕೆಗಳಲ್ಲಿ ಅದು ಬೇರೆಯೇ ಬಣ್ಣ ಪಡೆದು, ಮಿಲ್ಲತ್ತೇ ನಾಡಿನಿಂದ ರೂಪುಗೊಳ್ಳುತ್ತದೆ ಎಂದು ಅವರು ಹೇಳಿದಂತೆ ಹಬ್ಬಿತು. ಹಾಸಿಗೆ ಹಿಡಿದಿದ್ದ ಅಲ್ಲಾಮಾ ಇಕ್ಬಾಲರು ಕನಲಿ ಮೂರು ಪಾರ್ಸಿ ದ್ವಿಪದಿಗಳಲ್ಲಿ ಮೌಲಾನಾರನ್ನು ಹೆಸರೆತ್ತಿಯೇ ಚುಚ್ಚಿದರು. ನೆಲವನ್ನು ಆರಾಧ್ಯವಾಗಿಸುವ ರಾಷ್ಟ್ರೀಯತೆ ಮನುಷ್ಯಕುಲವನ್ನು ಛಿದ್ರಗೊಳಿಸುವ ಯುರೋಪಿನ ರೋಗ ಎಂಬುದು ಇಕ್ಬಾಲರ ನಿಲುವು. ಶುದ್ಧ ಅರ್ಥದಲ್ಲಿ ಅವರು ‘ಆಂಟಿ ನ್ಯಾಷನಲ್’.

ಮದನಿಯವರ ಉತ್ತರ ಒಬ್ಬ ಮದರಸಾ ಗುರುವಿನ ಉತ್ತರ, ಪದಕೋಶದಿಂದ ಆರಂಭವಾದದ್ದು. ಕೌಮ್ ಬೇರೆ, ಮಿಲ್ಲತ್ ಬೇರೆ. ಮಿಲ್ಲತ್ ಎಂದರೆ ಧರ್ಮಮಾರ್ಗ ಮತ್ತು ಅದನ್ನು ಹಿಡಿದವರ ಸಮುದಾಯ. ಕೌಮ್ ಎಂದರೆ ಜನ. ಅವರನ್ನು ಕೂಡಿಸುವ ಎಳೆ ನೆಲವಾಗಬಹುದು, ನುಡಿಯಾಗಬಹುದು, ಕಸುಬಾಗಬಹುದು. ಪವಿತ್ರ ಕುರ್‌ಆನಿನಲ್ಲಿ ಹಝ್ರತ್ ನೂಹ್, ಹೂದ್, ಸಾಲಿಹ್(ಅ) ಅವರು ತಮ್ಮ ಸಂದೇಶವನ್ನು ತಿರಸ್ಕರಿಸಿದವರನ್ನೂ ‘ನನ್ನ ಕೌಮಿನವರೇ’ ಎಂದೇ ಸಂಬೋಧಿಸುತ್ತಾರೆ. ವಿಶ್ವಾಸ ಬೇರೆಯಾದರೂ ಕೌಮ್ ಒಂದೇ ಆಗಬಲ್ಲದು. ಪ್ರವಾದಿ(ಸ) ಮದೀನಾಕ್ಕೆ ಬಂದ ಮೇಲೆ ಬರೆಸಿದ ಒಡಂಬಡಿಕೆಯಲ್ಲಿ ಯಹೂದಿ ಗೋತ್ರಗಳೂ ಮುಸಲ್ಮಾನರೂ ತಂತಮ್ಮ ಧರ್ಮದಲ್ಲಿದ್ದುಕೊಂಡೇ ಒಟ್ಟಾಗಿ ನಗರವನ್ನು ಕಾಯುವ ಬಾಧ್ಯತೆ ಹೊತ್ತಿದ್ದರು. ಅದೇ ವರ್ಷ ಅವರು ಇದನ್ನೆಲ್ಲ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ’ ಎಂಬ ಪುಸ್ತಕದಲ್ಲಿ ವಿವರಿಸಿದರು. ತಾನು ಹೇಳಿದ್ದು ಕಾಲದ ವಾಸ್ತವವನ್ನೇ ಹೊರತು ಉಪದೇಶವನ್ನಲ್ಲ ಎಂದು ಮದನಿಯವರು ಸ್ಪಷ್ಟಪಡಿಸಿದ ಮೇಲೆ, ತನ್ನ ಆಕ್ಷೇಪಕ್ಕೆ ಇನ್ನು ಆಧಾರವಿಲ್ಲ ಎಂದು ಇಕ್ಬಾಲರು ಪತ್ರಿಕೆಯಲ್ಲೇ ಪ್ರಕಟಿಸಿದರು. ಏಪ್ರಿಲ್ 21ರಂದು ಅವರು ತೀರಿಕೊಂಡರು.

ಇಬ್ಬರು ವಿದ್ವಾಂಸರು, ಒಂದು ಪದ, ತೀಕ್ಷ್ಣವಾದ ಜಗಳ. ಕೊನೆಯಲ್ಲಿ ಒಬ್ಬರು ವಿವರಿಸಿದರು, ಇನ್ನೊಬ್ಬರು ಒಪ್ಪಿದರು. ವಿಚಾರವಾಗಿ ಉಳಿದಿರುವವರೆಗೆ ಪದ ಎಷ್ಟೇ ಹರಿತವಾಗಿದ್ದರೂ ಮಾತುಕತೆಗೆ ಬಾಗಿಲು ಮುಚ್ಚುವುದಿಲ್ಲ.

ಇಕ್ಬಾಲರ ಹೆಸರು ಬಂದಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಹಾಡುವ ಹಾಡುಗಳನ್ನು ಗಮನಿಸಿ. ರಾಷ್ಟ್ರಗೀತೆ ಬರೆದವರು ರವೀಂದ್ರನಾಥ ಠಾಕೂರರು. ಅವರು 1916-17ರಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ರಾಷ್ಟ್ರೀಯತೆಯ ವಿರುದ್ಧವೇ ಉಪನ್ಯಾಸ ಕೊಟ್ಟು, 1917ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಯುರೋಪಿನ ಮಾದರಿಯ ನೇಷನ್ ಎಂಬುದು ಮನುಷ್ಯನನ್ನು ಯಂತ್ರದ ಬಿಡಿಭಾಗವಾಗಿಸುತ್ತದೆ ಎಂಬುದು ಅವರ ದೂರು. ‘ಸಾರೇ ಜಹಾಂ ಸೆ ಅಚ್ಛಾ’ 1904ರಲ್ಲಿ ಬರೆದವರು ಇಕ್ಬಾಲರು; ಅವರ ನಿಲುವನ್ನು ಆಗಲೇ ನೋಡಿದೆವು. ನಾಡಗೀತೆ ಬರೆದ ಕುವೆಂಪು ನಮ್ಮ ಮಲೆನಾಡಿನವರೇ. ಪ್ರತಿ ಮಗುವೂ ಹುಟ್ಟುತ್ತಾ ವಿಶ್ವಮಾನವ, ಬೆಳೆಯುತ್ತಾ ನಾವು ಅದನ್ನು ಅಲ್ಪಮಾನವನನ್ನಾಗಿಸುತ್ತೇವೆ ಎಂಬುದು ಅವರ ವಿಚಾರ. ಅವರ ಜನ್ಮದಿನ ಡಿಸೆಂಬರ್ 29ನ್ನು ಕರ್ನಾಟಕ ಸರ್ಕಾರವೇ ವಿಶ್ವಮಾನವ ದಿನವಾಗಿ ಆಚರಿಸುತ್ತದೆ. ನಾಡನ್ನು ಅತ್ಯಂತ ಸುಂದರವಾಗಿ ಹಾಡಿದ ಮೂವರಿಗೂ ಸಂಕುಚಿತ ರಾಷ್ಟ್ರೀಯತೆಯೊಡನೆ ತಕರಾರಿತ್ತು. ಇಂದಿನ ಅಳತೆಗೋಲು ಹಿಡಿದರೆ ಬೆಳಗಿನ ಪ್ರಾರ್ಥನೆಯನ್ನೇ ನಿಲ್ಲಿಸಬೇಕಾದೀತು.

ಇನ್ನು ಕಾನೂನಿನ ಮಾತು. ‘ಆಂಟಿ ನ್ಯಾಷನಲ್’ ಎಂಬ ಪದ ಒಮ್ಮೆ ನಮ್ಮ ಸಂವಿಧಾನವನ್ನೇ ಪ್ರವೇಶಿಸಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯ ಮೂಲಕ 31ಡಿ ಎಂಬ ವಿಧಿ ಸೇರಿತು. ರಾಷ್ಟ್ರವಿರೋಧಿ ಚಟುವಟಿಕೆಗಳನ್ನೂ ಸಂಘಗಳನ್ನೂ ತಡೆಯುವ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಕೆಲವು ವಿಧಿಗಳ ಆಧಾರದಲ್ಲಿ ಪ್ರಶ್ನಿಸಲಾಗದು ಎಂದು ಅದು ಹೇಳಿತು. ಆ ವಿಧಿಯಲ್ಲಿ ಪದಕ್ಕೆ ವ್ಯಾಖ್ಯೆಯೂ ಇತ್ತು: ದೇಶದ ಭಾಗವನ್ನು ಬೇರ್ಪಡಿಸುವ ಉದ್ದೇಶ, ಸಾರ್ವಭೌಮತ್ವವನ್ನು ಅಲ್ಲಗಳೆಯುವುದು, ಬಲಪ್ರಯೋಗದಿಂದ ಸರ್ಕಾರ ಉರುಳಿಸುವುದು, ಆಂತರಿಕ ಕ್ಷೋಭೆ ಎಬ್ಬಿಸುವುದು. ಕೊನೆಯಲ್ಲಿ ಇನ್ನೊಂದು: ಬೇರೆ ಬೇರೆ ಧರ್ಮ, ಭಾಷೆ, ಪ್ರದೇಶ, ಜಾತಿಗಳ ಜನರ ನಡುವಿನ ಸೌಹಾರ್ದವನ್ನು ಕೆಡಿಸುವುದು. ಈ ದೇಶದ ಸಂವಿಧಾನ ಈ ಪದಕ್ಕೆ ಕೊಟ್ಟ ಏಕೈಕ ವ್ಯಾಖ್ಯೆಯ ಪ್ರಕಾರ, ಊರಿನಲ್ಲಿ ಎರಡು ಕೋಮುಗಳ ನಡುವೆ ಬೆಂಕಿ ಹಚ್ಚುವವನು ರಾಷ್ಟ್ರವಿರೋಧಿ. ಇಂದು ಆ ಪದವನ್ನು ಜೋರಾಗಿ ಕೂಗುವವರು ಇದನ್ನೊಮ್ಮೆ ಓದಿಕೊಳ್ಳಬೇಕಿತ್ತು.

ಆ ವಿಧಿಯನ್ನು ಹೊಗಳುತ್ತಿಲ್ಲ. ಅದು ಬಂದದ್ದು ಪ್ರಶ್ನಿಸುವವರ ಬಾಯಿ ಕಟ್ಟಲು. 1975ರ ಜುಲೈಯಲ್ಲಿ ಆರೆಸ್ಸೆಸ್ಸನ್ನೂ ಜಮಾಅತೆ ಇಸ್ಲಾಮಿಯನ್ನೂ ಒಂದೇ ಆದೇಶದಲ್ಲಿ ನಿಷೇಧಿಸಿದ್ದ ಸರ್ಕಾರ ಅದು. ಜೈಲಿನಲ್ಲಿ ಇಬ್ಬರಿಗೂ ಒಂದೇ ಅನ್ನ. ತುರ್ತುಪರಿಸ್ಥಿತಿ ಮುಗಿದು ಹೊಸ ಸರ್ಕಾರ ಬಂದ ಮೇಲೆ 43ನೇ ತಿದ್ದುಪಡಿಯು 31ಡಿಯನ್ನು ಕಿತ್ತುಹಾಕಿತು. ಅಂದಿನಿಂದ ಸಂವಿಧಾನದಲ್ಲಿ ಆ ಪದವಿಲ್ಲ. 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದ ಪ್ರಶ್ನೆಗೆ ಕೇಂದ್ರ ಗೃಹ ಸಚಿವಾಲಯವೇ, ಆಂಟಿ ನ್ಯಾಷನಲ್ ಎಂಬ ಪದಕ್ಕೆ ಯಾವ ಕಾನೂನಿನಲ್ಲೂ ವ್ಯಾಖ್ಯೆಯಿಲ್ಲ ಎಂದು ಲಿಖಿತ ಉತ್ತರ ಕೊಟ್ಟಿತು. ಆದರೂ 2017ನೇ ಸಾಲಿನ ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಯಲ್ಲಿ ಆ ಹೆಸರಿನದೇ ಒಂದು ಶೀರ್ಷಿಕೆ ಕಾಣಿಸಿಕೊಂಡಿತ್ತು. ವ್ಯಾಖ್ಯೆಯಿಲ್ಲದ ಪದ ಅಂಕಿಅಂಶದ ತಲೆಬರಹವಾಗಬಲ್ಲದು ಎಂದಾಯಿತು.

124ಎ ಕಲಮನ್ನು 2022ರ ಮೇ 11ರಂದು ಸುಪ್ರೀಂ ಕೋರ್ಟ್ ತಡೆಹಿಡಿಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ರಾಜದ್ರೋಹವನ್ನು ತೆಗೆದು ದೇಶದ್ರೋಹವನ್ನು ತಂದಿದ್ದೇವೆ ಎಂದು ಸರ್ಕಾರ ಸಂಸತ್ತಿನಲ್ಲಿ ಹೆಮ್ಮೆಯಿಂದ ವಿವರಿಸಿತು; 152ನೇ ಕಲಮಿನಲ್ಲಿ ಶಿಕ್ಷೆ ಜೀವಾವಧಿಯವರೆಗೂ ಇದೆ. ರಾಜನ ಜಾಗದಲ್ಲಿ ದೇಶ ಕುಳಿತಿತು, ದ್ರೋಹ ಎಲ್ಲಿತ್ತೋ ಅಲ್ಲೇ ಉಳಿಯಿತು. 1922ರಲ್ಲಿ ಎರಡು ದಡಗಳಲ್ಲಿದ್ದ ಪದಗಳು ಹೀಗೆ ಒಂದಾದವು: ಆಳುವವರ ಮೇಲಿನ ಅಪ್ರೀತಿಯೇ ದೇಶದ ಮೇಲಿನ ಅಪ್ರೀತಿ ಎಂಬ ಭ್ರಮೆ ಈಗ ಪದದೊಳಗೇ ಸೇರಿಕೊಂಡಿದೆ.

ಇದರ ಫಲವನ್ನು ಬೀದರ್ ಕಂಡಿತು. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಆಡಿದ ಕಿರುನಾಟಕಕ್ಕಾಗಿ 124ಎ ಅಡಿ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜೈಲಿಗೆ ಹೋದರು. ಪೊಲೀಸರು ಶಾಲೆಗೆ ಬಂದು ಪುಟ್ಟ ಮಕ್ಕಳನ್ನು ಪ್ರಶ್ನಿಸಿದರು. 2023ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ತೀರ್ಪು ಬರುವ ಹೊತ್ತಿಗೆ ಆ ಮಕ್ಕಳು ಮೂರು ತರಗತಿ ದಾಟಿದ್ದರು.

ಇಲ್ಲಿಯವರೆಗೆ ಓದಿ ತಲೆದೂಗಿದ ನನ್ನ ಸಮುದಾಯದ ಓದುಗರಿಗೆ ಒಂದು ಕಹಿಮಾತು. ಉರ್ದುವಿನ ‘ಘದ್ದಾರ್’ ಪದವನ್ನು ನಾವು ಎಷ್ಟು ಉದಾರವಾಗಿ ಹಂಚುತ್ತೇವೆ! ಮಸೀದಿ ಕಮಿಟಿಯ ಲೆಕ್ಕ ಕೇಳಿದವನು ಘದ್ದಾರ್, ಬೇರೆ ಪಕ್ಷಕ್ಕೆ ಮತ ಹಾಕಿದವನು ಕೌಮಿನ ಘದ್ದಾರ್, ಹೆಣ್ಣುಮಕ್ಕಳ ಕಾಲೇಜಿನ ಬಗ್ಗೆ ಮಾತಾಡಿದವನೂ ಅದೇ. ಅದೇ ಅರಬಿ ಧಾತುವಿನ ‘ಘದರ್’ ಎಂಬ ಪದವನ್ನು ಬ್ರಿಟಿಷರು 1857ರ ಮೇಲೆ ಹೇರಿದರು. 1913ರಲ್ಲಿ ಅಮೆರಿಕದಲ್ಲಿ ಸೇರಿದ ಭಾರತೀಯರು ಅದನ್ನೇ ತಮ್ಮ ಪಕ್ಷದ ಹೆಸರಾಗಿ ಹೆಮ್ಮೆಯಿಂದ ಧರಿಸಿದರು. ನಾವು ಮಾತ್ರ ಅದನ್ನು ಬೈಗುಳವಾಗಿಯೇ ಉಳಿಸಿಕೊಂಡೆವು. ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯತ್ ಆಗುತ್ತದೆಯೇ ಎಂದು ಪ್ರವಾದಿಯವರನ್ನು(ಸ) ಕೇಳಿದಾಗ ಅವರು ಇಲ್ಲವೆಂದರು. ತನ್ನ ಜನ ಅನ್ಯಾಯ ಮಾಡುವಾಗ ಅವರಿಗೆ ನೆರವಾಗುವುದೇ ಅಸಬಿಯ್ಯತ್ ಎಂದು ತಿಳಿಸಿದರೆಂದು ಹದೀಸಿನಲ್ಲಿದೆ. ಇದು ದೇಶಕ್ಕೂ ಅನ್ವಯ, ಜಮಾಅತಿಗೂ ಅನ್ವಯ.

ಮದನಿಯವರಿಗೆ ಈ ಪದ ಎರಡೂ ಕಡೆಯಿಂದ ಬಡಿಯಿತು. ಬ್ರಿಟಿಷರು ಅವರನ್ನು ಮತ್ತೆ ಮತ್ತೆ ಜೈಲಿಗಟ್ಟಿದರು. 1945-46ರ ಚುನಾವಣೆಯ ಕಾಲದಲ್ಲಿ ದೇಶವಿಭಜನೆಯನ್ನು ವಿರೋಧಿಸಿದ್ದಕ್ಕಾಗಿ, ಪ್ರಯಾಣದ ದಾರಿಯಲ್ಲಿ, ಸಭೆಗಳಲ್ಲಿ, ಸ್ವಂತ ಸಮುದಾಯದವರೇ ಕೌಮಿನ ದ್ರೋಹಿಯೆಂದು ಅವಮಾನಿಸಿದರು. ದೇಶ ಒಡೆಯಿತು, ಮೌಲಾನಾ ದೇವ್‌ಬಂದ್ ಬಿಟ್ಟು ಕದಲಲಿಲ್ಲ. 1957ರ ಡಿಸೆಂಬರ್ 5ರಂದು ತೀರಿಕೊಳ್ಳುವವರೆಗೆ ಅವರು ಅಲ್ಲಿನ ಹದೀಸ್ ಗುರುಗಳೇ.

ಅದೇ 1957ರಲ್ಲಿ ನಮ್ಮ ಬರಪೀಡಿತ ಜಗಳೂರಿನ ಜೆ. ಮಹಮದ್ ಇಮಾಂ ಸಾಹೇಬರು ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಮುಸ್ಲಿಮರು ಅಲ್ಪಸಂಖ್ಯೆಯಲ್ಲಿದ್ದ ಕ್ಷೇತ್ರ ಅದು. ಇಮಾಂ ಸಾಹೇಬರು ನಿಂತದ್ದೂ ಆಳುವ ಕಾಂಗ್ರೆಸ್ಸಿನಿಂದಲ್ಲ, ಪ್ರಜಾ ಸೋಷಲಿಸ್ಟ್ ಪಕ್ಷದಿಂದ. 1967ರಲ್ಲಿ ಮತ್ತೊಮ್ಮೆ, ಈ ಸಲ ಸ್ವತಂತ್ರ ಪಕ್ಷದಿಂದ ಗೆದ್ದರು. ಎರಡು ಬಾರಿಯೂ ಅವರು ಕುಳಿತದ್ದು ನೆಹರೂ ಮತ್ತು ಇಂದಿರಾ ಸರ್ಕಾರಗಳ ಎದುರಿನ ಸಾಲಿನಲ್ಲಿ. ಜಗಳೂರು, ಹೊಳಲ್ಕೆರೆ, ಹಿರಿಯೂರಿನ ಒಣಭೂಮಿಯ ರೈತರು, ಹೆಚ್ಚಿನವರು ಬೇರೆ ಧರ್ಮದವರು, ಸರ್ಕಾರವನ್ನು ವಿರೋಧಿಸಲೆಂದೇ ಒಬ್ಬ ಸಾಹೇಬರನ್ನು ದೆಹಲಿಗೆ ಕಳುಹಿಸಿಕೊಟ್ಟರು.